ಸ್ಮೂದಿಗೆ ಹಾಲೋ, ಮೊಸರೋ, ಕಾಯಿಹಾಲೋ, ಎಳನೀರೋ?

ಮನೆಯಲ್ಲಿ ಸ್ಮೂದಿ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಹಣ್ಣು ಹಾಕಲಿ, ಯಾವ ಸೊಪ್ಪು ಹಾಕಲಿ ಎಂದು. ಶಿರಸಿಯಲ್ಲಿ ನನ್ನನ್ನು ಹೀಗೆ ಕೇಳುವವರ ಹಿತ್ತಿಲಲ್ಲೇ ಪಪ್ಪಾಯಿ ಮರದಲ್ಲಿ ಹಣ್ಣಾಗಿ ಹಕ್ಕಿಗಳ ಪಾಲಾಗುತ್ತಿರುತ್ತದೆ, ದೊಡ್ಡಪತ್ರೆ ಕುಂಡದ ಹೊರಗೂ ಚಾಚಿಕೊಂಡಿರುತ್ತದೆ, ತೋಟದ ಕಾದಿಗೆಯ ಅಂಚಿನಲ್ಲಿ ಒಂದೆಲಗ ಹಬ್ಬಿರುತ್ತದೆ. ಹಣ್ಣು ಮತ್ತು ಸೊಪ್ಪಿನ ಆಯ್ಕೆಯನ್ನು ಬಹುಮಟ್ಟಿಗೆ ಋತುವೂ ಹಿತ್ತಿಲೂ ಸೇರಿ ಮಾಡಿ ಮುಗಿಸಿರುತ್ತವೆ. ನಾವು ಕುಳಿತು ಯೋಚಿಸಬೇಕಾದದ್ದು ಅವುಗಳನ್ನು ಯಾವ ದ್ರವದೊಡನೆ ರುಬ್ಬಬೇಕು ಎಂಬುದನ್ನು. ಲೋಟದ ಅರ್ಧಕ್ಕಿಂತ ಹೆಚ್ಚು ಭಾಗ ಅದೇ ಇರುತ್ತದೆ, ಪ್ರೋಟೀನು ಮುಖ್ಯವಾಗಿ ಅದರಿಂದಲೇ ಬರುತ್ತದೆ, ಯಾವ ಹಣ್ಣು ಹೊಂದುತ್ತದೆ ಯಾವುದು ಕೆಡುತ್ತದೆ ಎಂಬುದನ್ನು ನಿರ್ಧರಿಸುವುದೂ ಅದೇ.

ಇದನ್ನು ನಾನು ಕಲಿತದ್ದು ಒಂದು ಲೀಟರು ಹಾಲು ಹಾಳುಮಾಡಿಕೊಂಡು. ಬನವಾಸಿಯ ಕಡೆಯಿಂದ ಬಂದ ಅನಾನಸನ್ನು ಹಾಲಿನೊಡನೆ ರುಬ್ಬಿ, ಬೆಳಿಗ್ಗೆ ಎಲ್ಲರಿಗೂ ಆದೀತೆಂದು ರಾತ್ರಿಯೇ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅದು ಒಡೆದು, ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳಲ್ಲಿ ಕೆಲವು ಕಹಿಯಾಗಿರುತ್ತವೆ. ಹಣ್ಣಿನ ಹುಳಿ ಹಾಲನ್ನು ಒಡೆಸುವುದು ಬೇರೆ. ಪಪ್ಪಾಯಿಯಲ್ಲಿರುವ ಪಪೇಯಿನ್ ಮಾಡುವುದೂ ಇದೇ ಕೆಲಸ, ಆದರೆ ಚೆನ್ನಾಗಿ ಕಳಿತ ಹಣ್ಣಿನಲ್ಲಿ ಅದರ ಪ್ರಮಾಣ ಕಡಿಮೆ. ನಮ್ಮ ಅಡುಗೆಮನೆಗಳಲ್ಲಿ ಅನಾನಸು ಹಾಲಿನ ಬದಲು ಕಾಯಿ ಮತ್ತು ಎಳ್ಳಿನೊಡನೆ ಮೆಣಸ್ಕಾಯಿಯಾಗಿಯೇ ಏಕೆ ಬೆಂದಿತು ಎಂಬುದು ಅಂದು ನನಗೆ ಹೊಳೆಯಿತು.

ತೂಗಿ ನೋಡುವ ಮೊದಲು

ಸ್ಮೂದಿ ತಿಂಡಿಯ ಬದಲಿಗೋ, ತಿಂಡಿಯ ಜೊತೆಗೋ ಎಂಬುದು ಮೊದಲು ತೀರ್ಮಾನವಾಗಬೇಕು. ಅದನ್ನೇ ತಿಂಡಿಯಾಗಿ ಕುಡಿದು ಮಧ್ಯಾಹ್ನದ ಊಟದವರೆಗೆ ಇರಬೇಕಾದವರಿಗೆ ಪ್ರೋಟೀನು ಬೇಕು. ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. ತಿಂಡಿಯ ಸ್ಥಾನಕ್ಕೆ ಬರುವ ಲೋಟದಲ್ಲಿ ಏಳೆಂಟು ಗ್ರಾಮಾದರೂ ಇರದಿದ್ದರೆ ಹತ್ತೂವರೆಗೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತದೆ. ದೋಸೆಯೋ ಅವಲಕ್ಕಿಯೋ ಹೇಗೂ ಇದೆ, ಜೊತೆಗೊಂದು ಲೋಟ ಸಾಕು ಎನ್ನುವವರಿಗೆ ಈ ಚಿಂತೆಯಿಲ್ಲ. ಅವರು ನೋಡಿಕೊಳ್ಳಬೇಕಾದದ್ದು ಲೋಟ ಹಗುರವಾಗಿದೆಯೇ ಎಂಬುದನ್ನು.

ಎರಡನೆಯದು ಸಕ್ಕರೆ. ಎರಡು ಪಚ್ಚಬಾಳೆ, ಎರಡು ಚಿಕ್ಕು, ಮೇಲಿಂದ ಎರಡು ಚಮಚ ಜೋನಿಬೆಲ್ಲ ಸೇರಿದರೆ ಒಂದೇ ಲೋಟದಲ್ಲಿ ಸಕ್ಕರೆಯಂಶ 40 ಗ್ರಾಂ ದಾಟುತ್ತದೆ. ಇಡಿಯ ಹಣ್ಣಿನಲ್ಲಿರುವ ಸಕ್ಕರೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಷ್ಟು ಕಟ್ಟುನಿಟ್ಟಿಲ್ಲ. ಅದು 2015ರಲ್ಲಿ ಮಿತಿ ಹಾಕಿದ್ದು ನಾವಾಗಿ ಬೆರೆಸುವ ಸಕ್ಕರೆ, ಬೆಲ್ಲ, ಜೇನುತುಪ್ಪ ಮತ್ತು ಹಣ್ಣಿನ ರಸದ ಸಕ್ಕರೆಗೆ. ಬೆಲ್ಲವಾದರೆ ತೊಂದರೆಯಿಲ್ಲ ಎಂಬ ನಮ್ಮ ಕಡೆಯ ನಂಬಿಕೆಗೆ ಆ ಲೆಕ್ಕದಲ್ಲಿ ರಿಯಾಯಿತಿಯಿಲ್ಲ. ಲೋಟಕ್ಕೆ 100ರಿಂದ 120 ಗ್ರಾಂ ಹಣ್ಣು, ಬೆಲ್ಲ ಶೂನ್ಯ ಎಂಬುದನ್ನು ನಾನು ಅಳತೆಯಾಗಿ ಇಟ್ಟುಕೊಂಡಿದ್ದೇನೆ, ಮುಂದಿನ ಹೋಲಿಕೆಯೂ ಅದೇ ಅಳತೆಯಲ್ಲಿದೆ.

ಉಳಿದಂತೆ ಖರ್ಚು, ಬೆಳಗಿನ ಹೊತ್ತಿನಲ್ಲಿ ಆಗುವ ಕೆಲಸ ಮತ್ತು ಸೊಪ್ಪಿನೊಡನೆ ಹೊಂದಾಣಿಕೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಮಿಕ್ಸರ್ ಇಲ್ಲದೆ ಆಗುತ್ತದೆಯೇ ಎಂಬುದೂ ಕೇಳಿಕೊಳ್ಳಬೇಕಾದ ಪ್ರಶ್ನೆಯೇ.

ಹಾಲು

ನಂದಿನಿಯ ನೀಲಿ ಪ್ಯಾಕೆಟಿನ ಹಾಲಿನಲ್ಲಿ ಕೊಬ್ಬು 3 ಶೇಕಡಾ. 200 ಮಿಲಿಯಲ್ಲಿ ಪ್ರೋಟೀನು ಆರು ಗ್ರಾಂ ಮೇಲ್ಪಟ್ಟು, ಕ್ಯಾಲ್ಸಿಯಂ ಸುಮಾರು 240 ಮಿಲಿಗ್ರಾಂ. ಇದಕ್ಕೆ ಒಂದು ಬಾಳೆಹಣ್ಣು ಸೇರಿದರೆ ಏಳು ಗ್ರಾಂ ಪ್ರೋಟೀನಿನ, 200 ಕ್ಯಾಲೊರಿಯ ಒಳ್ಳೆಯ ಲೋಟವಾಗುತ್ತದೆ. ಬೆಳೆಯುವ ಮಕ್ಕಳಿಗೆ, ತೂಕ ಕೂಡಬೇಕಾದವರಿಗೆ ಇದಕ್ಕಿಂತ ಸುಲಭವಾದ ದಾರಿ ನನಗೆ ಕಾಣುವುದಿಲ್ಲ.

ತೊಂದರೆ ಇರುವುದು ಹಾಲಿನ ಸಂಗಡಿಗರು ಕಡಿಮೆ ಎಂಬಲ್ಲಿ. ಬಾಳೆ, ಚಿಕ್ಕು, ಪೂರ್ತಿ ಹಣ್ಣಾದ ಸಿಹಿ ಮಾವು, ಇಷ್ಟೇ. ಅನಾನಸು ಬೇಕೇ ಬೇಕೆಂದರೆ ತುಂಡುಗಳನ್ನು ಕೆಲವು ನಿಮಿಷ ಕುದಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಬೇಕು, ಹಾಗೆ ಮಾಡಿದರೆ ಸಿ ಜೀವಸತ್ವದಲ್ಲಿ ಒಂದು ಪಾಲು ಹೋಗುತ್ತದೆ. ಮುರುಗಲು (ಕೋಕಂ), ನೆಲ್ಲಿಕಾಯಿ, ನಿಂಬೆ ಹಾಲಿಗೆ ಬಿದ್ದರೆ ಒಡೆಯುತ್ತದೆ. ಸೊಪ್ಪಿನ ಮಟ್ಟಿಗೂ ಹಾಲು ಬಡವನೇ: ಒಂದೆಲಗದ ಕಸರು ಹಾಲಿನ ಸಿಹಿಯಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ, ಮತ್ತು ಹಾಲಿನ ಕ್ಯಾಲ್ಸಿಯಂ ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಆಯುರ್ವೇದ ಹಾಲನ್ನೂ ಹುಳಿ ಹಣ್ಣನ್ನೂ ವಿರುದ್ಧಾಹಾರವೆಂದು ಬೇರೆಯಿಡುತ್ತದೆ. ಮನೆಯಲ್ಲಿ ಅದನ್ನು ಪಾಲಿಸುವ ಹಿರಿಯರಿದ್ದರೆ ದಿನ ಬೆಳಗಾದರೆ ವಾದ ಮಾಡುವುದಕ್ಕಿಂತ ಮುಂದಿನ ಆಯ್ಕೆಗೆ ಹೋಗುವುದು ಲೇಸು.

ಮೊಸರು ಮತ್ತು ಮಜ್ಜಿಗೆ

ನನ್ನ ಒಲವು ಇದರ ಕಡೆಗೇ ಎಂದು ಮೊದಲೇ ಹೇಳಿಬಿಡುತ್ತೇನೆ, ಓದುವವರು ಅದನ್ನು ಕಳೆದು ಓದಿಕೊಳ್ಳಬಹುದು. ಸೊಪ್ಪನ್ನು ಹಾಲಿನ ಪದಾರ್ಥದೊಡನೆ ಅರೆದು ಕುಡಿಯುವ ವಿದ್ಯೆ ಘಟ್ಟದ ಮೇಲಿನ ಮನೆಗಳಿಗೆ ಹೊಸದಲ್ಲ. ತಂಬುಳಿ ಎಂದರೆ ಅದೇ. ತುಪ್ಪದಲ್ಲಿ ಬಾಡಿಸಿದ ಎಲೆ, ಜೀರಿಗೆ, ಒಂದೆರಡು ಕಾಳುಮೆಣಸು, ಕಾಯಿತುರಿ ಇವನ್ನು ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸುವ ಆ ಕ್ರಮದಲ್ಲಿ ಸ್ಮೂದಿ ಮಾಡುವವರು ಇಂದು ಎಡವುವ ಬಹುತೇಕ ಪ್ರಶ್ನೆಗಳಿಗೆ ಉತ್ತರವಿದೆ. ಎಲೆಯನ್ನು ಬಾಡಿಸುವುದರಿಂದ ಹಸಿ ವಾಸನೆ ಹೋಗುತ್ತದೆ, ಜೀರಿಗೆ ಕಸರನ್ನು ಮರೆಸುತ್ತದೆ, ಮಜ್ಜಿಗೆಯ ಹುಳಿ ಎಲೆಯ ಕಹಿಯನ್ನು ಎದುರಿಸಿ ನಿಲ್ಲುತ್ತದೆ. ಇದಕ್ಕೆ ಅರ್ಧ ಬಾಳೆಹಣ್ಣನ್ನೋ ನಾಲ್ಕು ಹೋಳು ಪಪ್ಪಾಯಿಯನ್ನೋ ಸೇರಿಸಿ, ಮೆಣಸು ಮತ್ತು ಉಪ್ಪನ್ನು ತಗ್ಗಿಸಿದರೆ ಅದು ಸ್ಮೂದಿಯೇ. ಹಣ್ಣು ಹಾಕಿದ್ದನ್ನು ತಂಬುಳಿ ಎಂದು ಕರೆಯಲು ನಮ್ಮ ಮನೆಯ ಹಿರಿಯರು ಒಪ್ಪುವುದಿಲ್ಲ, ಅವರ ಮಾತು ಸರಿಯೇ.

ಪ್ರೋಟೀನಿನ ಲೆಕ್ಕದಲ್ಲಿ 200 ಗ್ರಾಂ ಮೊಸರು ಹಾಲಿಗೆ ಸಮ. ಅದನ್ನು ಬಟ್ಟೆಯಲ್ಲಿ ಕಟ್ಟಿ ಎರಡು ತಾಸು ನೀರಿಳಿಸಿದರೆ ಅದೇ ಪ್ರೋಟೀನು ಕಡಿಮೆ ಜಾಗದಲ್ಲಿ ಬರುತ್ತದೆ, ಸ್ಮೂದಿ ದಪ್ಪವಾಗಲು ಎರಡನೆಯ ಬಾಳೆಹಣ್ಣು ಬೇಕಾಗುವುದಿಲ್ಲ. ಮಜ್ಜಿಗೆಯಾದರೆ ನೀರು ಬೆರೆತಷ್ಟು ಎಲ್ಲವೂ ತೆಳುವಾಗುತ್ತದೆ. ಊಟದ ಜೊತೆಗೆ ಸರಿ, ತಿಂಡಿಯ ಬದಲಿಗೆ ಸಾಲದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ, ಏಕೆಂದರೆ ಹೆಪ್ಪಾಗುವಾಗ ಹಾಲಿನ ಸಕ್ಕರೆಯಲ್ಲಿ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳು ಬಳಸಿಕೊಂಡಿರುತ್ತವೆ. ಖರ್ಚಿನಲ್ಲೂ ಇದೇ ಕಡಿಮೆ. ನಿನ್ನೆ ಉಳಿದ ಹಾಲೇ ಇಂದಿನ ಮೊಸರು.

ಮೊಸರಿಗೂ ಮಿತಿಗಳಿವೆ. ಮಳೆಗಾಲದ ಥಂಡಿಯಲ್ಲಿ ಅದು ಸರಿಯಾಗಿ ಹೆಪ್ಪಾಗದೆ ಕೈಕೊಡುತ್ತದೆ, ಬೇಸಿಗೆಯಲ್ಲಿ ಕರಾವಳಿಯ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ, ಹುಳಿಯನ್ನು ಮರೆಸಲು ಬೆಲ್ಲದ ಡಬ್ಬಿಗೆ ಕೈ ಹೋಗುತ್ತದೆ. ಅನಾನಸಿನ ಕಹಿ ಇಲ್ಲಿಯೂ ಬರುತ್ತದೆ, ಆದರೆ ರುಬ್ಬಿದ ಕೂಡಲೇ ಕುಡಿದರೆ ತಿಳಿಯುವುದಿಲ್ಲ.

ಕಾಯಿಹಾಲು

ಕಾರವಾರ, ಅಂಕೋಲೆಯ ಕಡೆಯವರಿಗೆ ಇದು ಮೊದಲು ನೆನಪಾಗುವ ಆಯ್ಕೆ. ಮುರುಗಲ ಹುಳಿಗೆ ಕಾಯಿಹಾಲು ಬೆರೆಸಿದ ಸೋಲಕಡಿ ಅಲ್ಲಿನ ಊಟದ ಭಾಗವೇ. ಘಟ್ಟದ ಮೇಲೆ ಬಾಳೆಹಣ್ಣಿನ ರಸಾಯನ ಇದೇ ಕುಲಕ್ಕೆ ಸೇರಿದ್ದು. ಹಾಲು ಮೊಸರುಗಳಲ್ಲಿ ಒಡೆಯುವ, ಕಹಿಯಾಗುವ ಹಣ್ಣುಗಳೆಲ್ಲ ಕಾಯಿಹಾಲಿನಲ್ಲಿ ಸುಖವಾಗಿ ಇರುತ್ತವೆ: ಅನಾನಸು, ಮುರುಗಲು, ಹುಳಿಮಾವು. ಬೇಸಿಗೆಯಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಸಿಕ್ಕಿದರಂತೂ ಅದಕ್ಕೆ ಕಾಯಿಹಾಲು ಬಿಟ್ಟು ಬೇರೆ ಏನನ್ನೂ ಸೇರಿಸಲು ನನಗೆ ಮನಸ್ಸಾಗುವುದಿಲ್ಲ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಹಣ್ಣಿನ ಸಿಪ್ಪೆ ತೆಳು, ಹೆಚ್ಚು ದಿನ ಇಡಲಾಗದು. ಒಟ್ಟಿಗೆ ಹಣ್ಣಾದ ಬುಟ್ಟಿಯನ್ನು ಮುಗಿಸಲು ಸ್ಮೂದಿ ಒಳ್ಳೆಯ ಉಪಾಯ.

ಆದರೆ ಹೆಸರಿನಲ್ಲಿ ಹಾಲು ಇದೆಯೆಂದು ಇದನ್ನು ಹಾಲಿನ ಜಾಗದಲ್ಲಿ ಕೂರಿಸಬಾರದು. 50 ಗ್ರಾಂ ಕಾಯಿತುರಿಯಲ್ಲಿ ಪ್ರೋಟೀನು ಎರಡು ಗ್ರಾಮಿಗೂ ಕಡಿಮೆ, ಕೊಬ್ಬು 16 ಗ್ರಾಮಿನಷ್ಟು, ಅದರಲ್ಲಿ ಹೆಚ್ಚಿನದು ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು. ಹಿಂಡಿ ಸೋಸಿದರೆ ನಾರು ಚರಟದಲ್ಲೇ ಉಳಿದು ಕೊಬ್ಬು ಲೋಟಕ್ಕೆ ಬರುತ್ತದೆ. ಸೋಸದೆ ತುರಿ ಸಮೇತ ನುಣ್ಣಗೆ ರುಬ್ಬಿದರೆ ನಾರೂ ಉಳಿಯುತ್ತದೆ, ಆದರೆ ಗಂಟಲಿಗೆ ಸಿಗುವ ಆ ಒರಟನ್ನು ಮಕ್ಕಳು ಒಪ್ಪುವುದಿಲ್ಲ. ಕೊಲೆಸ್ಟರಾಲ್ ಹೆಚ್ಚಿರುವವರು ದಿನವೂ ಕುಡಿಯುವ ಲೋಟಕ್ಕೆ ಇದನ್ನು ಆರಿಸದೆ ವಾರಕ್ಕೊಮ್ಮೆಯ ಸವಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ತೋಟದ ಮನೆಯವರಿಗೆ ಕಾಯಿ ಖರ್ಚಿನ ಬಾಬತ್ತಲ್ಲ. ಪೇಟೆಯಲ್ಲಿ ಕೊಂಡು ತರುವವರಿಗೆ ಈಚಿನ ದರದಲ್ಲಿ ಇದು ಹಾಲಿಗಿಂತ ಅಗ್ಗವಾಗಿ ಉಳಿದಿಲ್ಲ.

ಹಾಲು ಮೊಸರು ಎರಡನ್ನೂ ಬಿಟ್ಟವರು ಪ್ರೋಟೀನಿಗಾಗಿ ಕಾಯಿಯನ್ನು ಅರ್ಧಕ್ಕಿಳಿಸಿ, ರಾತ್ರಿ ನೆನೆಸಿಟ್ಟ 20 ಗ್ರಾಂ ಶೇಂಗಾ ಸೇರಿಸಿದರೆ ಐದು ಗ್ರಾಂ ಪ್ರೋಟೀನು ಕಡಿಮೆ ಖರ್ಚಿನಲ್ಲಿ ಬರುತ್ತದೆ. ನಮ್ಮ ಕಡೆಯ ಎಳ್ಳುನೀರು ಇನ್ನೊಂದು ದಾರಿ. ಹುರಿದ ಎಳ್ಳನ್ನು ಏಲಕ್ಕಿಯೊಡನೆ ಅರೆದು ಅದರಲ್ಲೇ ಬಾಳೆಹಣ್ಣನ್ನು ತಿರುವಿದರೆ ಪರಿಮಳದಲ್ಲಿ ಇವೆಲ್ಲವನ್ನೂ ಮೀರಿಸುತ್ತದೆ. ಎಳ್ಳಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಸಿಪ್ಪೆಯ ಆಕ್ಸಲೇಟಿನ ಕಾರಣ ಎಲ್ಲವೂ ದೇಹಕ್ಕೆ ದಕ್ಕುವುದಿಲ್ಲ.

ಎಳನೀರು

ಬಿಸಿಲಲ್ಲಿ ಬಂದವರಿಗೆ ಚೆನ್ನ. 250 ಮಿಲಿಯಲ್ಲಿ 50 ಕ್ಯಾಲೊರಿಯ ಆಸುಪಾಸು, ಪೊಟ್ಯಾಸಿಯಂ 600 ಮಿಲಿಗ್ರಾಮಿನಷ್ಟು, ಪ್ರೋಟೀನು ನಗಣ್ಯ. ಪೇರಲೆ, ನೆಲ್ಲಿ, ಪುದೀನಾ, ಕೊತ್ತಂಬರಿ ಇದರಲ್ಲಿ ತಮ್ಮ ನಿಜವಾದ ರುಚಿಯನ್ನು ತೋರಿಸುತ್ತವೆ. ಕೊಂಡು ಕುಡಿಯುವವರಿಗೆ ನಾಲ್ಕರಲ್ಲಿ ದುಬಾರಿ ಇದೇ. ದಿನವೂ ಎಳನೀರಿನಲ್ಲಿ ಸ್ಮೂದಿ ಮಾಡುವುದಕ್ಕಿಂತ ಎಳನೀರನ್ನು ಹಾಗೆಯೇ ಕುಡಿದು ಹಣ್ಣನ್ನು ಕಚ್ಚಿ ತಿನ್ನುವುದು ಮೇಲು ಎಂದು ನನ್ನ ಅನಿಸಿಕೆ.

ಸೊಪ್ಪಿನ ಮಾತು

ಸೊಪ್ಪು ಹಾಕಿದ ಮಾತ್ರಕ್ಕೆ ರಕ್ತಹೀನತೆ ಹೋಗುತ್ತದೆ ಎಂಬ ಭರವಸೆಯನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ಒಂದು ಲೋಟಕ್ಕೆ ಹಿಡಿಸುವುದು ಹೆಚ್ಚೆಂದರೆ 25 ಗ್ರಾಂ ಸೊಪ್ಪು. ಹರಿವೆಯಾಗಲಿ ನುಗ್ಗೆಯಾಗಲಿ, ಅಷ್ಟರಲ್ಲಿ ಸಿಗುವ ಕಬ್ಬಿಣ ಒಂದು ಮಿಲಿಗ್ರಾಂ ಆಸುಪಾಸು. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಸ್ಮೂದಿಯ ಭರವಸೆಯಲ್ಲಿ ಬಿಡುವಂತಿಲ್ಲ. ಸಿಗುವಷ್ಟಾದರೂ ದೇಹಕ್ಕೆ ಸೇರಲಿ ಎನ್ನುವವರು ಕಬ್ಬಿಣದ ಸೊಪ್ಪನ್ನು ಹಾಲಿನಲ್ಲಿ ರುಬ್ಬದೆ, ಎಳನೀರಿನಲ್ಲೋ ಬರಿಯ ನೀರಿನಲ್ಲೋ ಪೇರಲೆ ಅಥವಾ ನೆಲ್ಲಿಯ ಜೊತೆಗೆ ರುಬ್ಬಬೇಕು. ಸಿ ಜೀವಸತ್ವ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. 100 ಗ್ರಾಂ ಪೇರಲೆಯಲ್ಲಿ ಆ ಜೀವಸತ್ವ 200 ಮಿಲಿಗ್ರಾಂ ದಾಟುತ್ತದೆ, ಅಷ್ಟೇ ತೂಕದ ಪಪ್ಪಾಯಿಯಲ್ಲಿ 60ರ ಆಸುಪಾಸು.

ಒಂದೆಲಗ ಲೋಟಕ್ಕೆ ಹತ್ತು ಹದಿನೈದು ಎಲೆ, ದೊಡ್ಡಪತ್ರೆ ಎರಡು ಮೂರು ಎಲೆ ಸಾಕು; ದೊಡ್ಡಪತ್ರೆ ಹೆಚ್ಚಾದರೆ ಬೇರೆ ಯಾವ ರುಚಿಯನ್ನೂ ಉಳಿಸುವುದಿಲ್ಲ. ಒಂದೆಲಗ ಒದ್ದೆ ನೆಲದ ಬಳ್ಳಿಯಾದ್ದರಿಂದ ಬಚ್ಚಲ ನೀರು, ಚರಂಡಿ ನೀರು ಹಾಯುವ ಜಾಗದಿಂದ ಕೊಯ್ಯಬಾರದು. ಎಲ್ಲಿಂದ ತಂದರೂ ಮೂರ್ನಾಲ್ಕು ನೀರಿನಲ್ಲಿ ತೊಳೆದು ಬಾಡಿಸಿಯೇ ಬಳಸುವುದು ಕ್ಷೇಮ. ಕಾರವಾರದ ರವಿವಾರದ ಸಂತೆಯಲ್ಲಿ ಸೊಪ್ಪು ಕೊಳ್ಳುವವರು ಮಾರುವ ಹೆಂಗಸರನ್ನೇ ಯಾವುದನ್ನು ಹಸಿಯಾಗಿ ತಿನ್ನಬಹುದು, ಯಾವುದನ್ನು ಬೇಯಿಸಬೇಕು ಎಂದು ಕೇಳಿಕೊಂಡರೆ ಒಳ್ಳೆಯ ಉತ್ತರ ಸಿಗುತ್ತದೆ.

ಒಂದು ಸೊಪ್ಪಿನ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ವಿಟಮಿನ್ ಸೊಪ್ಪು ಎಂದು ನಾವು ಬೇಲಿಯುದ್ದಕ್ಕೂ ಬೆಳೆಸುವ ಚಕ್ರಮುನಿಯನ್ನು ಹಸಿಯಾಗಿ ರುಬ್ಬಿ ದಿನವೂ ಕುಡಿಯಬಾರದು. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಕಿರುನಾಳಗಳು ಮುಚ್ಚಿಕೊಳ್ಳುವ, ಮತ್ತೆ ಸರಿಹೋಗದ ಕಾಯಿಲೆ ಬಂದಿತ್ತು. ಪಲ್ಯಕ್ಕೋ ಸಾಂಬಾರಿಗೋ ಬೇಯಿಸಿ ಆಗೀಗ ತಿನ್ನುವುದು ಬೇರೆ ಮಾತು. ಹಾಗೆಯೇ ಸೋರೆಕಾಯಿಯನ್ನು ರುಬ್ಬುವವರು ಮೊದಲು ಒಂದು ಚೂರನ್ನು ನಾಲಿಗೆಗೆ ಇಟ್ಟು ನೋಡಬೇಕು; ಕಹಿಯಿದ್ದರೆ ಎಸೆಯಬೇಕು, ಬೆಲ್ಲ ಹಾಕಿ ಮರೆಸಬಾರದು.

ಮಿಕ್ಸರ್ ಸಾಕೇ?

ಸಾಕು. ಚಟ್ನಿ ಅರೆಯುವ 500 ಅಥವಾ 750 ವಾಟ್‌ನ ಮಿಕ್ಸರ್ ಇದ್ದವರು ಸ್ಮೂದಿಗೆಂದೇ ಮತ್ತೊಂದು ಯಂತ್ರ ಕೊಳ್ಳಬೇಕಾಗಿಲ್ಲ. ಎಲೆಯನ್ನು ಮೊದಲು ಚಿಕ್ಕ ಜಾರಿನಲ್ಲಿ ಎರಡು ಚಮಚ ದ್ರವದೊಡನೆ ನುಣ್ಣಗೆ ಅರೆದು, ಆಮೇಲೆ ಹಣ್ಣು, ಕೊನೆಗೆ ಉಳಿದ ದ್ರವ ಎಂಬ ಕ್ರಮ ಪಾಲಿಸಿದರೆ ನಾರು ಹಲ್ಲಿಗೆ ಸಿಗುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಎಲೆ ತೇಲುತ್ತಲೇ ಇರುತ್ತದೆ. 750 ವಾಟ್‌ನ ಮಿಕ್ಸರನ್ನು ಎರಡು ನಿಮಿಷ ಓಡಿಸಿದರೆ ಯೂನಿಟ್ಟಿನ ನಲವತ್ತನೆಯ ಒಂದು ಭಾಗ ಖರ್ಚಾಗುತ್ತದೆ, ಕರೆಂಟಿನ ಬಿಲ್ಲಿನ ಚಿಂತೆ ಬೇಡ. ಬ್ಯಾಟರಿಯಲ್ಲಿ ಓಡುವ ಬಾಟಲಿಯಂಥ ಪುಟ್ಟ ಬ್ಲೆಂಡರುಗಳು ಮೆತ್ತನೆಯ ಬಾಳೆ, ಪಪ್ಪಾಯಿಗೆ ಆದಾವು. ಕಾಯಿತುರಿ, ಎಳ್ಳು, ನುಗ್ಗೆಸೊಪ್ಪು ಅವುಗಳ ಶಕ್ತಿಗೆ ಮೀರಿದವು. ಕರೆಂಟು ಇಲ್ಲದ ದಿನ ಕಳಿತ ಏಲಕ್ಕಿ ಬಾಳೆಯನ್ನು ಕೈಯಲ್ಲಿ ಕಿವುಚಿ ಮೊಸರಿನೊಡನೆ ಕಡೆಗೋಲಿನಲ್ಲಿ ಕಡೆದರೆ ಆಯಿತು. ನಾಲ್ಕು ಆಯ್ಕೆಗಳಲ್ಲಿ ಹಾಲು ಮೊಸರುಗಳಿಗೆ ಮಾತ್ರ ಈ ಅನುಕೂಲವಿದೆ, ಕಾಯಿಹಾಲಿಗೆ ಒರಳಾದರೂ ಬೇಕು.

ಯಾರಿಗೆ ಯಾವುದು

ಶಾಲೆಗೆ ಹೋಗುವ ಮಗು ತಿಂಡಿ ಬಿಟ್ಟು ಓಡುತ್ತದೆ ಎಂದಾದರೆ ಹಾಲು, ಬಾಳೆ, ಒಂದು ಚಮಚ ಶೇಂಗಾ; ಸೊಪ್ಪನ್ನು ಅಲ್ಲಿ ತುರುಕದೆ ಊಟಕ್ಕೆ ಬಿಡುವುದು ಮೇಲು. ಒಂದು ವರ್ಷ ತುಂಬದ ಮಗುವಿಗೆ ಯಾವುದರಲ್ಲೂ ಜೇನುತುಪ್ಪ ಸೇರಬಾರದು. ತೂಕ ಇಳಿಸುವವರಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ ನೀರಿಳಿಸಿದ ಮೊಸರು, 100 ಗ್ರಾಂ ಪಪ್ಪಾಯಿ ಅಥವಾ ಪೇರಲೆ, ಒಂದೆಲಗ, ಜೀರಿಗೆ ಸರಿಹೊಂದುತ್ತದೆ. ಆದರೆ ಅದು ತಿಂಡಿಯ ಮೇಲೆ ಹೆಚ್ಚುವರಿಯಾಗಿ ಬರಬಾರದು, ತಿಂಡಿಯಲ್ಲಿ ಒಂದು ದೋಸೆ ಇಳಿದಿರಬೇಕು. ಹಲ್ಲು ಸಡಿಲಾದ ಹಿರಿಯರಿಗೆ ಮೊಸರಿನದೇ ತುಸು ತೆಳುವಾಗಿ, ಫ್ರಿಜ್ಜಿನ ಥಂಡಿಯಿಲ್ಲದೆ.

ಮೂತ್ರಪಿಂಡದ ತೊಂದರೆಯಿರುವವರಿಗೆ ಈ ಹೋಲಿಕೆಯೇ ಅನ್ವಯಿಸುವುದಿಲ್ಲ. ಎಳನೀರು, ಬಾಳೆ ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಹಿತ್ತಿಲಿನ ಧಾರೆಹುಳಿಯಲ್ಲಿರುವ (ಸ್ಟಾರ್ ಫ್ರೂಟ್) ವಿಷಾಂಶವನ್ನು ದುರ್ಬಲ ಮೂತ್ರಪಿಂಡ ಹೊರಹಾಕಲಾರದು, ಅದು ಮಿದುಳಿಗೇ ಅಪಾಯ ತರಬಲ್ಲದು. ಅವರು ತಮ್ಮ ವೈದ್ಯರು ಹಾಕಿಕೊಟ್ಟ ಪಟ್ಟಿಯನ್ನೇ ನೋಡಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಒಮ್ಮೆಲೇ ಹಸಿರು ಸೊಪ್ಪಿನ ಸ್ಮೂದಿ ಆರಂಭಿಸಿದರೆ ಕೆ ಜೀವಸತ್ವ ಹೆಚ್ಚಿ ಮಾತ್ರೆಯ ಪರಿಣಾಮ ಏರುಪೇರಾಗುತ್ತದೆ, ಕೇಳಿಯೇ ಶುರುಮಾಡಬೇಕು.

ಇಷ್ಟಾದರೂ ಹಾಲೋ ಮೊಸರೋ ಎಂದು ತೂಗಾಡುವವರು ಒಂದು ವಾರ ಹಣ್ಣನ್ನು ಬದಲಿಸದೆ ದ್ರವವನ್ನು ಮಾತ್ರ ಬದಲಿಸಿ ನೋಡಬಹುದು: ಮೂರು ದಿನ ಹಾಲು ಮತ್ತು ಬಾಳೆ, ಮೂರು ದಿನ ಮೊಸರು ಮತ್ತು ಬಾಳೆ, ಅಳತೆ ಒಂದೇ. ಪ್ರತಿದಿನ ಎಷ್ಟು ಗಂಟೆಗೆ ಹಸಿವಾಯಿತು, ಹೊಟ್ಟೆ ಹೇಗಿತ್ತು ಎಂಬುದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗುರುತು ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ನನಗೆ ಮೊಸರು, ಮಗನಿಗೆ ಹಾಲು ಎಂದು ತೀರ್ಮಾನವಾಗಿ, ಈಗ ಬೆಳಿಗ್ಗೆ ಮಿಕ್ಸರಿನ ಜಾರನ್ನು ಎರಡು ಸಲ ತೊಳೆಯುವ ಕೆಲಸ ಬಿದ್ದಿದೆ.